ವಸಡಿನ ರೋಗ: ಪಿತ್ರಾರ್ಜಿತವೋ, ಸ್ವಯಾರ್ಜಿತವೋ?

ಆಸ್ತಿಯ ವ್ಯಾಜ್ಯ ಹಿಡಿದು ಬಂದವರನ್ನು ವಕೀಲರಾದ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಪಿತ್ರಾರ್ಜಿತವೋ, ಸ್ವಯಾರ್ಜಿತವೋ? ಹಿರಿಯರಿಂದ ಬಂದದ್ದೋ, ತಾನೇ ದುಡಿದು ಗಳಿಸಿದ್ದೋ? ಉತ್ತರ ಯಾವುದು ಎಂಬುದರ ಮೇಲೆ ಹಕ್ಕು, ಹೊಣೆ, ಪರಿಹಾರಗಳೆಲ್ಲ ನಿಂತಿರುತ್ತವೆ. ಈ ವಾರ ಅದೇ ಪ್ರಶ್ನೆಯನ್ನು ಹಲ್ಲಿನ ವಸಡಿನ ಬಗ್ಗೆ ಕೇಳಬೇಕೆಂದಿದ್ದೇನೆ. ವಿಷಯ ವೈದ್ಯರದ್ದಲ್ಲವೇ, ವಕೀಲನಿಗೇಕೆ ಎಂದು ಓದುಗರು ಕೇಳಬಹುದು. ರೋಗವನ್ನು ನೋಡುವುದು ವೈದ್ಯರ ಕೆಲಸವೇ ಸರಿ. ಆದರೆ ‘ಇದು ನಮ್ಮ ವಂಶದಲ್ಲೇ ಬಂದದ್ದು’ ಎಂಬ ಮಾತು ರೋಗಿಯ ಬಾಯಿಂದ ಹೊರಟ ಮೇಲೆ ಬಾಯಲ್ಲೇ ಉಳಿಯುವುದಿಲ್ಲ. ಅದು ಮದುವೆಯ ಮಾತುಕತೆಗೆ ಹೋಗುತ್ತದೆ, ವಿಮೆಯ ಕಾಗದಕ್ಕೆ ಹೋಗುತ್ತದೆ, ಮಗುವಿನ ಭವಿಷ್ಯಕ್ಕೂ ಹೋಗುತ್ತದೆ.

ಸೇಲಂ, ಧರ್ಮಪುರಿ ಸೀಮೆಯ ನಮ್ಮ ಕನ್ನಡದ ಮನೆಗಳಲ್ಲಿ ಈ ಮಾತು ಅಪರೂಪವಲ್ಲ. ‘ಅಜ್ಜನಿಗೆ ನಲವತ್ತಕ್ಕೇ ಹಲ್ಲು ಹೋಯಿತು, ಅಪ್ಪನಿಗೂ ಹಾಗೆಯೇ, ನನಗೂ ಅಲುಗಾಡುತ್ತಿವೆ, ಇನ್ನು ಮಗನದ್ದೇನು ಹೇಳುವುದು’ ಎಂದು ಕೈಚೆಲ್ಲುವವರಿದ್ದಾರೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ತಂದು, ಕಟ್ಟಿದ ಹಲ್ಲಿನ ತಾಯಿಯನ್ನು ಕಂಡು ಹೆಣ್ಣನ್ನು ಬೇಡವೆನ್ನುವವರೂ ಇದ್ದಾರೆ. ಗಾದೆಗೆ ಅದರದೇ ಆದ ತೂಕವಿದೆ. ಆದರೆ ಮಗ್ಗದ ಮುಂದೆ ಕುಳಿತ ನಮ್ಮ ದೇವಾಂಗ ಬಂಧುಗಳಿಗೆ ಗೊತ್ತಿರುವ ಇನ್ನೊಂದು ಸತ್ಯವೂ ಇದೆ. ಒಂದೇ ನೂಲಿನಿಂದ ಬಾಳಿಕೆ ಬರುವ ಸೀರೆಯನ್ನೂ ನೇಯಬಹುದು, ಎರಡು ಒಗೆತಕ್ಕೆ ಹರಿಯುವುದನ್ನೂ ನೇಯಬಹುದು.

ಮುಂದೆ ಹೋಗುವ ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮ ಕಡೆ ಹಲ್ಲಿನ ತೊಂದರೆ ಎಂದರೆ ಮೊದಲು ನೆನಪಾಗುವುದು ಹಳದಿ, ಕಂದು ಕಲೆಗಳು. ಧರ್ಮಪುರಿಯ ಹಲವು ಗ್ರಾಮಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಈ ಸೀಮೆಯ ಬಂಡೆಗಳಲ್ಲೇ ಇರುವ ಖನಿಜಗಳಿಂದ ಅದು ಅಂತರ್ಜಲಕ್ಕೆ ಇಳಿಯುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕ ನೀರಲ್ಲ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಅಂತಹ ನೀರನ್ನು ಕುಡಿದ ಮಗುವಿನ ಹಲ್ಲಿನ ಮೇಲೆ ಕಲೆ ನಿಲ್ಲುತ್ತದೆ. ಆ ಕಾರಣಕ್ಕಾಗಿಯೇ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ರೂಪುಗೊಂಡು, 2013ರಲ್ಲಿ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರು ಹರಿಯಿತು. ಒಂದೇ ಬಾವಿಯ ನೀರು ಕುಡಿದ ತಂದೆಗೂ ಮಗನಿಗೂ ಒಂದೇ ಬಗೆಯ ಕಲೆ ಇದ್ದರೆ ಅದು ವಂಶದ ಗುರುತಲ್ಲ, ಬಾವಿಯ ಗುರುತು. ಮನೆಮಂದಿಗೆಲ್ಲ ಇದ್ದ ಮಾತ್ರಕ್ಕೆ ಯಾವುದೂ ಪಿತ್ರಾರ್ಜಿತವಾಗುವುದಿಲ್ಲ ಎಂಬ ಮೊದಲ ಪಾಠವನ್ನು ನಮ್ಮ ನೆಲವೇ ಕಲಿಸಿದೆ.

ಈಗ ವಸಡಿಗೆ ಬರೋಣ. ವಸಡಿನ ರೋಗಕ್ಕೆ ಎರಡು ಮೆಟ್ಟಿಲುಗಳಿವೆ. ಮೊದಲನೆಯದು ವಸಡಿನ ಉರಿಯೂತ. ಹಲ್ಲಿನ ಮೇಲೆ ದಿನವೂ ಕಟ್ಟುವ ಲೋಳೆಯಂತಹ ಪಾಚಿಯಲ್ಲಿ ಬ್ಯಾಕ್ಟೀರಿಯಾಗಳು ನೆಲೆಸಿ ವಸಡು ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಉಜ್ಜುವಾಗ ರಕ್ತ ಬರುತ್ತದೆ. ಎರಡನೆಯ ಮೆಟ್ಟಿಲಿನಲ್ಲಿ ಅದೇ ಉರಿಯೂತ ಆಳಕ್ಕಿಳಿದು ಹಲ್ಲನ್ನು ಹಿಡಿದಿರುವ ನಾರನ್ನೂ ಮೂಳೆಯನ್ನೂ ಕರಗಿಸುತ್ತದೆ; ಹಲ್ಲು ಅಲುಗಾಡಿ ಉದುರುತ್ತದೆ. ಮೊದಲ ಮೆಟ್ಟಿಲಿನಿಂದ ಹಿಂತಿರುಗಬಹುದು. ಎರಡನೆಯದರಲ್ಲಿ ಹೋದ ಮೂಳೆ ತಾನಾಗಿ ಮರಳುವುದಿಲ್ಲ, ಆದರೆ ಹೋಗುವುದನ್ನು ನಿಲ್ಲಿಸಬಹುದು.

1965ರಲ್ಲಿ ನಾರ್ವೆ ಮೂಲದ ದಂತವಿಜ್ಞಾನಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿದ ಒಂದು ಪ್ರಯೋಗ ಪ್ರಕಟವಾಯಿತು. ಆರೋಗ್ಯವಂತ ವಸಡುಗಳಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳೇ. ಮೂರು ವಾರದೊಳಗೆ ಹನ್ನೆರಡು ಮಂದಿಗೂ ವಸಡಿನ ಉರಿಯೂತ ಬಂತು. ಮತ್ತೆ ಉಜ್ಜತೊಡಗಿದಾಗ ಎಲ್ಲರದೂ ವಾಸಿಯಾಯಿತು. ಮೊದಲ ಮೆಟ್ಟಿಲಿನಲ್ಲಿ ಕುಲಗೋತ್ರದ ವಿಚಾರಣೆಯಿಲ್ಲ. ಕೊಳೆ ಬಿಟ್ಟವರಿಗೆಲ್ಲ ಅದು ಬರುತ್ತದೆ.

ಎರಡನೆಯ ಮೆಟ್ಟಿಲಿನ ಕಥೆ ಬೇರೆ. ಅದನ್ನು ತಿಳಿಸಿಕೊಟ್ಟವರು ನಮಗೆ ದೂರದವರಲ್ಲ. ಸಿಂಹಳದ ಚಹಾ ತೋಟಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಕೂಲಿಗೆ ಹೋದವರಲ್ಲಿ ತಿರುಚಿರಾಪಳ್ಳಿ, ಸೇಲಂ ಮೊದಲಾದ ಜಿಲ್ಲೆಗಳ ಬಡವರಿದ್ದರು. ಅವರ ಸಂತತಿಯಲ್ಲಿ ಅನೇಕರು 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ತಮಿಳುನಾಡಿಗೆ ಮರಳಿದರು. ಅಲ್ಲಿಯೇ ಉಳಿದ ತೋಟದ ಕಾರ್ಮಿಕರಲ್ಲಿ 480 ಗಂಡಸರನ್ನು ಅದೇ ಲೋ ಅವರ ತಂಡ 1970ರಿಂದ 1985ರವರೆಗೆ ಮತ್ತೆ ಮತ್ತೆ ಪರೀಕ್ಷಿಸಿತು. ಅವರಿಗೆ ಹಲ್ಲುಜ್ಜುವ ರೂಢಿಯಿರಲಿಲ್ಲ, ದಂತವೈದ್ಯರ ಸೌಲಭ್ಯವಿರಲಿಲ್ಲ. ಹಲ್ಲಿನ ಹುಳುಕು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲರ ಹಲ್ಲುಗಳ ಮೇಲೂ ಪಾಚಿ, ಗಾರೆಯಂತೆ ಗಟ್ಟಿಯಾದ ಕಿಟ್ಟ. ಎಲ್ಲರ ವಸಡಿನಲ್ಲೂ ಉರಿಯೂತ.

ಆದರೂ ಫಲ ಒಂದೇ ಆಗಲಿಲ್ಲ. ಶೇಕಡಾ 8ರಷ್ಟು ಮಂದಿಯಲ್ಲಿ ರೋಗ ಓಡಿತು. ಅವರು 35ನೆಯ ವಯಸ್ಸಿಗೆ ಸರಾಸರಿ 12 ಹಲ್ಲು, 40ಕ್ಕೆ 20 ಹಲ್ಲು ಕಳೆದುಕೊಂಡು 45ಕ್ಕೆ ಬೊಚ್ಚುಬಾಯಿಯಾದರು. ಶೇಕಡಾ 81 ಮಂದಿಯಲ್ಲಿ ರೋಗ ನಡೆದುಬಂತು; 45ಕ್ಕೆ ಸುಮಾರು 7 ಹಲ್ಲು ಹೋದವು. ಉಳಿದ ಶೇಕಡಾ 11 ಮಂದಿಯಲ್ಲಿ ಉರಿಯೂತ ಮೊದಲ ಮೆಟ್ಟಿಲನ್ನು ದಾಟಲೇ ಇಲ್ಲ. ಒಂದೇ ತೋಟ, ಒಂದೇ ಕೂಲಿ, ಒಂದೇ ಬಗೆಯ ಆಹಾರ, ಒಂದೇ ಬಗೆಯ ಅಲಕ್ಷ್ಯ. ಫಲಗಳು ಮಾತ್ರ ಮೂರು. ಈ ಅಧ್ಯಯನ ವಂಶವಾಹಿಗಳನ್ನು ಅಳೆಯಲಿಲ್ಲ. ಆದರೆ ಕೊಳೆಯೊಂದೇ ಆರೋಪಿಯಲ್ಲ, ದೇಹದ ಒಳಗಿನಿಂದ ಅದಕ್ಕೆ ಸಹಾಯ ಮಾಡುವವರೋ ತಡೆಯುವವರೋ ಇರಲೇಬೇಕು ಎಂಬ ಬಲವಾದ ಸಂಶಯವನ್ನು ಅದು ಎತ್ತಿತು.

ಆ ಸಂಶಯವನ್ನು ಪರೀಕ್ಷಿಸಲು ಅವಳಿಗಳು ನೆರವಾದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳು ವಂಶವಾಹಿಗಳನ್ನು ಪೂರ್ಣವಾಗಿ ಹಂಚಿಕೊಂಡಿರುತ್ತಾರೆ. ಎರಡು ಅಂಡಗಳಿಂದ ಹುಟ್ಟಿದವರು ಸಾಮಾನ್ಯ ಒಡಹುಟ್ಟಿದವರಂತೆ ಸುಮಾರು ಅರ್ಧದಷ್ಟನ್ನು. ಅಮೆರಿಕದಲ್ಲಿ 117 ಜೋಡಿ ವಯಸ್ಕ ಅವಳಿಗಳ ಬಾಯಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಹಲ್ಲಿನ ಆಧಾರ ಕರಗುವ ರೋಗದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಭಾಗ ವಂಶವಾಹಿಗಳಿಂದ ಬಂದದ್ದೆಂದೂ, ವಸಡಿನ ಬರಿಯ ಉರಿಯೂತದಲ್ಲಿ ಅಂತಹ ಪಾಲು ಕಾಣಲಿಲ್ಲವೆಂದೂ ಅದು ಹೇಳಿತು.

ಈ ‘ಅರ್ಧ’ ಎಂಬ ಪದವನ್ನು ಎಚ್ಚರದಿಂದ ಓದಬೇಕು. ನಿಮ್ಮ ಮಗನ ರೋಗದಲ್ಲಿ ಅರ್ಧ ನಿಮ್ಮದು, ಅರ್ಧ ಅವನದು ಎಂದು ಇದರ ಅರ್ಥವಲ್ಲ. ರಾಗಿ ಹೊಲದ ಉದಾಹರಣೆ ನೋಡಿ. ಎಲ್ಲ ಹೊಲಗಳಿಗೂ ಒಂದೇ ಗೊಬ್ಬರ, ಒಂದೇ ನೀರು ಕೊಟ್ಟರೆ ಇಳುವರಿಯ ವ್ಯತ್ಯಾಸವೆಲ್ಲ ಬೀಜದ್ದಾಗಿ ಕಾಣುತ್ತದೆ. ಒಂದೇ ಬೀಜವನ್ನು ಬೇರೆ ಬೇರೆ ಮಣ್ಣಿಗೆ ಹಾಕಿದರೆ ವ್ಯತ್ಯಾಸವೆಲ್ಲ ಮಣ್ಣಿನದ್ದಾಗುತ್ತದೆ. ಬೀಜದ ಪಾಲು ಎಷ್ಟೆಂಬುದು ಹೊಲಗಳ ಸ್ಥಿತಿಯ ಮೇಲೆ ನಿಂತಿದೆ. ಆದುದರಿಂದ ‘ಅರ್ಧ’ ಎಂಬುದು ಒಂದು ಜನಸಮೂಹದ ಲೆಕ್ಕವೇ ಹೊರತು ಒಬ್ಬ ಮನುಷ್ಯನ ಮೇಲೆ ಬರೆದ ತೀರ್ಪಲ್ಲ.

ವಂಶವಾಹಿಗಳು ಮಾಡುವುದಾದರೂ ಏನು? ಕೊಳೆಯನ್ನು ಅವು ತರುವುದಿಲ್ಲ. ಕೊಳೆ ಬಂದಾಗ ದೇಹ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕೆಂಬುದನ್ನು ನಿರ್ಧರಿಸುವುದರಲ್ಲಿ ಪಾಲ್ಗೊಳ್ಳುತ್ತವೆ. ಕಳ್ಳನನ್ನು ಹಿಡಿಯಲು ಬಂದ ಕಾವಲುಗಾರ ಮನೆಯ ಗೋಡೆಯನ್ನೇ ಕೆಡವಿದಂತೆ, ಕೆಲವರ ದೇಹದಲ್ಲಿ ಉರಿಯೂತ ಮಿತಿಮೀರಿ ಸ್ವಂತ ಮೂಳೆಯನ್ನೇ ಕರಗಿಸುತ್ತದೆ. 1997ರಲ್ಲಿ ಸಂಶೋಧಕರು ಉರಿಯೂತದ ಸಂದೇಶ ಸಾರುವ ಇಂಟರ್‌ಲ್ಯೂಕಿನ್–1 ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಒಂದು ರೂಪಭೇದವನ್ನು ಗುರುತಿಸಿ, ಅದು ತೀವ್ರ ರೋಗದ ಜೊತೆ ಕಾಣಿಸಿಕೊಳ್ಳುತ್ತದೆಂದರು. ಆ ನಂಟು ಕಂಡದ್ದು ಹೊಗೆ ಸೇದದವರಲ್ಲಿ ಮಾತ್ರ. ಸೇದುವವರಲ್ಲಿ ತಂಬಾಕಿನ ಹಾನಿಯ ಮುಂದೆ ವಂಶವಾಹಿಯ ಸುಳಿವೇ ಮರೆಯಾಯಿತು. ಇದನ್ನು ಆಧರಿಸಿ ಅಮೆರಿಕದಲ್ಲಿ ಪರೀಕ್ಷೆಯೊಂದು ಮಾರಾಟಕ್ಕೂ ಬಂತು. ಆದರೆ ಬೇರೆ ಜನಾಂಗಗಳಲ್ಲಿ ನೋಡಿದಾಗ ಫಲ ಒಂದೇ ರೀತಿ ಬರಲಿಲ್ಲ; ಚೀನೀಯರಲ್ಲಿ ಆ ರೂಪವೇ ಬಹು ವಿರಳ, ರೋಗವಂತೂ ಅಲ್ಲಿಯೂ ಉಂಟು. ಸಾಮಾನ್ಯ ವಸಡಿನ ರೋಗದಲ್ಲಿ ಒಂದೊಂದು ಸಣ್ಣ ಪಾಲಿನ ಅನೇಕ ವಂಶವಾಹಿಗಳು ಸೇರಿ ಕೆಲಸ ಮಾಡುತ್ತವೆ. ‘ರಕ್ತ ಪರೀಕ್ಷೆ ಮಾಡಿ ನಿಮ್ಮ ಮಗುವಿನ ಹಲ್ಲು ಯಾವಾಗ ಬೀಳುತ್ತದೆಂದು ಹೇಳುತ್ತೇವೆ’ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಒಂದೇ ವಂಶವಾಹಿಯ ದೋಷದಿಂದ ಬರುವ ರೋಗಗಳೂ ಇವೆ, ಆದರೆ ಬಹು ಅಪರೂಪ. 1924ರಲ್ಲಿ ಪಾಪಿಯೋಂ ಮತ್ತು ಲೆಫೆವ್ರ್ ಎಂಬ ಫ್ರೆಂಚ್ ವೈದ್ಯರು ವಿವರಿಸಿದ ರೋಗ ಅಂತಹದು. ಮಗುವಿನ ಅಂಗೈ, ಅಂಗಾಲಿನ ಚರ್ಮ ದಪ್ಪವಾಗಿ ಬಿರಿಯುತ್ತದೆ; ಹಾಲುಹಲ್ಲು ಮೂಡುತ್ತಿದ್ದಂತೆ ವಸಡು ಊದಿ ನಾಲ್ಕೈದು ವರ್ಷಕ್ಕೇ ಹಲ್ಲುಗಳು ಉದುರುತ್ತವೆ; ಶಾಶ್ವತ ಹಲ್ಲುಗಳಿಗೂ ಹದಿಹರೆಯದಲ್ಲಿ ಅದೇ ಗತಿ. ಹತ್ತು ಲಕ್ಷಕ್ಕೆ ಒಬ್ಬರಿಂದ ನಾಲ್ವರಲ್ಲಿ ಇದು ಕಾಣುತ್ತದೆ. 11ನೆಯ ವರ್ಣತಂತುವಿನಲ್ಲಿರುವ ಕೆಥೆಪ್ಸಿನ್–ಸಿ ವಂಶವಾಹಿಯ ದೋಷವೇ ಕಾರಣವೆಂದು 1999ರಲ್ಲಿ ತಿಳಿಯಿತು. ತಂದೆತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಮಗುವಿಗೆ ರೋಗ. ಅಂತಹ ದಂಪತಿಗಳು ತಾವು ಆರೋಗ್ಯವಂತರಾಗಿಯೇ ಇರುತ್ತಾರೆ. ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲೊಂದು.

ಇಲ್ಲಿ ನಮ್ಮ ಸಂಪ್ರದಾಯವೊಂದರ ಮಾತು ಬರುತ್ತದೆ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವುದು ಗಡಿಯ ಎರಡೂ ಕಡೆ ರೂಢಿ. ತಮಿಳುನಾಡು, ಕರ್ನಾಟಕ ಎರಡರಲ್ಲೂ ನಾಲ್ಕು ಮದುವೆಗಳಲ್ಲಿ ಒಂದಕ್ಕೂ ಹೆಚ್ಚು ಸಂಬಂಧದೊಳಗಿನದು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. 1955ರ ಹಿಂದೂ ವಿವಾಹ ಕಾಯಿದೆ ಇಂತಹ ಸಂಬಂಧಗಳನ್ನು ನಿಷಿದ್ಧ ಪಟ್ಟಿಯಲ್ಲಿ ಇಟ್ಟಿದ್ದರೂ, 5ನೆಯ ಕಲಮಿನಲ್ಲಿ ರೂಢಿ ಒಪ್ಪಿದರೆ ಸಿಂಧು ಎಂದಿದೆ. ಹಾಗಾಗಿ ಈ ಮದುವೆಗಳು ನ್ಯಾಯಬದ್ಧ, ಯಾರೂ ಅಪರಾಧಿಗಳಲ್ಲ. ಆದರೆ ಕಾಯಿದೆ ಸಿಂಧುತ್ವಕ್ಕೆ ಜಾಮೀನು ಕೊಡುತ್ತದೆಯೇ ಹೊರತು ಆರೋಗ್ಯಕ್ಕಲ್ಲ. ಒಂದೇ ಪೂರ್ವಜರ ಒಂದೇ ವಂಶವಾಹಿ ಎರಡೂ ಕಡೆಯಿಂದ ಮಗುವಿಗೆ ಬಂದು ಸೇರುವ ಪ್ರಮಾಣ ಸೋದರಮಾವನ ಮದುವೆಯಲ್ಲಿ ಎಂಟರಲ್ಲಿ ಒಂದು ಪಾಲು, ಅತ್ತೆ–ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು ಪಾಲು. ಮನೆತನದಲ್ಲಿ ಎಳೆಯ ವಯಸ್ಸಿಗೇ ಹಲ್ಲು ಉದುರಿದ, ಅಂಗೈ ದಪ್ಪಗಟ್ಟಿದ ಮಗುವೊಂದಿದ್ದರೆ ಒಳಸಂಬಂಧವನ್ನು ನಿಶ್ಚಯಿಸುವ ಮೊದಲು ವೈದ್ಯರನ್ನು ಕೇಳುವುದು ವಿವೇಕ. ಅತ್ತೆಗೆ ಐವತ್ತಕ್ಕೆ ಹಲ್ಲು ಹೋಯಿತು ಎಂಬ ಒಂದೇ ಕಾರಣಕ್ಕೆ ಹೆಣ್ಣನ್ನು ತಿರಸ್ಕರಿಸುವುದು ಮಾತ್ರ ವಿವೇಕವಲ್ಲ, ಅನ್ಯಾಯ. ಅಲ್ಲದೆ ವಂಶವಾಹಿಗಳು ಹೆಣ್ಣಿನ ಕಡೆಯಿಂದಷ್ಟೇ ಬರುವುದೂ ಇಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡಲು ತಮಿಳುನಾಡಿಗೆ 1989, ಇಡೀ ದೇಶಕ್ಕೆ 2005 ಬರಬೇಕಾಯಿತು. ಪ್ರಕೃತಿಯ ಕಾಯಿದೆಗೆ ಆ ತಿದ್ದುಪಡಿ ಎಂದೂ ಬೇಕಾಗಿರಲಿಲ್ಲ. ವರನ ತಂದೆಯ ಬಾಯನ್ನೂ ನೋಡಬೇಕಲ್ಲವೇ?

ವಂಶದಲ್ಲಿ ಬಂದದ್ದನ್ನು ತಪ್ಪಿಸಲಾಗದು ಎಂಬ ನಂಬಿಕೆಗೆ ನಮ್ಮ ಧರ್ಮಪುರಿಯಲ್ಲೇ ಒಂದು ಒಳ್ಳೆಯ ಉತ್ತರವಿದೆ. ತಗಡೂರಿನ ದೊರೆ ಅದಿಯಮಾನ್ ದೊರಕಲಾರದ ನೆಲ್ಲಿಕಾಯಿಯನ್ನು ತಾನು ತಿನ್ನದೆ ಅವ್ವೈಯಾರಿಗೆ ಕೊಟ್ಟ ಕಥೆ ನಮ್ಮ ಮಕ್ಕಳೆಲ್ಲರಿಗೂ ಗೊತ್ತು. ಆ ನೆಲ್ಲಿಕಾಯಿಯಲ್ಲಿ ಸಮೃದ್ಧವಾಗಿರುವ ಸಿ ಜೀವಸತ್ವವನ್ನು ಹೆಚ್ಚಿನ ಪ್ರಾಣಿಗಳು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಲ್ಲಿ ಅದಕ್ಕೆ ಬೇಕಾದ ವಂಶವಾಹಿ ಬಹು ಹಿಂದೆಯೇ ಕೆಟ್ಟುಹೋಗಿದೆ. ಅಂದರೆ ಭೂಮಿಯ ಮೇಲಿನ ಪ್ರತಿಯೊಬ್ಬ ಮನುಷ್ಯನೂ ವಸಡು ಊದಿ, ರಕ್ತ ಸುರಿದು, ಹಲ್ಲು ಬೀಳುವ ಸ್ಕರ್ವಿ ರೋಗಕ್ಕೆ ಪಿತ್ರಾರ್ಜಿತವಾಗಿಯೇ ಗುರಿ. ಆದರೂ ನಮಗೆ ಸ್ಕರ್ವಿ ಬರುವುದಿಲ್ಲ. ನೆಲ್ಲಿ, ನಿಂಬೆ, ಸೀಬೆ, ಸೊಪ್ಪು ತಿನ್ನುತ್ತೇವೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ನಾವಿಕರ ಮೇಲೆ ಪರೀಕ್ಷಿಸಿ, ಕಿತ್ತಳೆ, ನಿಂಬೆ ತಿಂದವರು ಚೇತರಿಸಿಕೊಂಡದ್ದನ್ನು ಕಂಡ. ಮನುಕುಲದ ವಂಶದೋಷವೊಂದಕ್ಕೆ ಮದ್ದು ಹಣ್ಣಿನ ಬುಟ್ಟಿಯಲ್ಲಿತ್ತು. ವಂಶದ್ದು ಎಂಬುದಕ್ಕೂ ಅನಿವಾರ್ಯ ಎಂಬುದಕ್ಕೂ ಇರುವ ಅಂತರ ಇಷ್ಟು.

ಇನ್ನು ವಿಮೆಯ ವಿಷಯ. ಪಾಲಿಸಿಯ ಷರತ್ತುಗಳಲ್ಲಿ ‘ವಂಶವಾಹಿ ಸಂಬಂಧದ ರೋಗಗಳಿಗೆ ಹಣವಿಲ್ಲ’ ಎಂಬ ಸಾಲು ಹಿಂದೆ ಸಾಮಾನ್ಯವಾಗಿತ್ತು. ಹೃದಯದ ಸ್ನಾಯು ದಪ್ಪವಾಗುವ ರೋಗವಿದ್ದ ಜೈಪ್ರಕಾಶ್ ತಾಯಲ್ ಎಂಬವರಿಗೆ ಈ ಸಾಲನ್ನು ತೋರಿಸಿ ಯುನೈಟೆಡ್ ಇಂಡಿಯಾ ವಿಮಾ ಸಂಸ್ಥೆ ಹಣ ನಿರಾಕರಿಸಿತು. 2018ರ ಫೆಬ್ರುವರಿ 26ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು, ವಂಶವಾಹಿಯ ಹೆಸರಿನಲ್ಲಿ ಇಷ್ಟು ವಿಶಾಲವಾಗಿ ಜನರನ್ನು ಹೊರಗಿಡುವುದು ಸಂವಿಧಾನದ 14ನೆಯ ವಿಧಿಗೆ ವಿರುದ್ಧವಾದ ತಾರತಮ್ಯ ಎಂದು ತೀರ್ಪಿತ್ತರು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಈ ನಡುವೆ 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೇ ಹೊರಡಿಸಿದ ಮಾರ್ಗಸೂಚಿಯು, ಆರೋಗ್ಯ ವಿಮೆಯಲ್ಲಿ ಹೊರಗಿಡಬಾರದವುಗಳ ಪಟ್ಟಿಗೆ ವಂಶವಾಹಿ ರೋಗಗಳನ್ನೂ ಸೇರಿಸಿತು.

ಹಲ್ಲಿನ ಮಟ್ಟಿಗೆ ಒಂದು ಸೂಕ್ಷ್ಮವಿದೆ. ಅಪಘಾತದಿಂದಲ್ಲದ ಹಲ್ಲಿನ ಚಿಕಿತ್ಸೆಯನ್ನು ಅನೇಕ ಪಾಲಿಸಿಗಳು ಎಲ್ಲರಿಗೂ ಸಮನಾಗಿ ಹೊರಗಿಡುತ್ತವೆ. ಅದು ವಂಶದ ಪ್ರಶ್ನೆಯಲ್ಲ. ಕೊಳ್ಳುವ ಮೊದಲೇ ಆ ಪುಟವನ್ನು ಓದಿಕೊಳ್ಳಿ. ಅರ್ಜಿಯಲ್ಲಿ ಕುಟುಂಬದ ಕಾಯಿಲೆಯ ವಿಚಾರ ಕೇಳಿದ್ದರೆ ನಿಜವನ್ನೇ ಬರೆಯಿರಿ. ಮುಚ್ಚಿಟ್ಟದ್ದು ಮುಂದೆ ಸಂಸ್ಥೆಯ ಕೈಗೆ ಅಸ್ತ್ರವಾಗುತ್ತದೆ. ‘ವಂಶದ ಕಾಯಿಲೆ’ ಎಂಬ ಒಂದೇ ನೆಪದಲ್ಲಿ ಹಣ ನಿರಾಕರಿಸಿದರೆ ಮೊದಲು ಸಂಸ್ಥೆಯ ದೂರು ಅಧಿಕಾರಿಗೆ ಲಿಖಿತವಾಗಿ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಚೆನ್ನೈಯಲ್ಲಿರುವ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಪಿತ್ರಾರ್ಜಿತದ ವಿಚಾರಣೆ ಮುಗಿಯಿತು. ಸ್ವಯಾರ್ಜಿತದ ಪಟ್ಟಿ ನೋಡೋಣ. ಮೊದಲನೆಯದು ಪಾಚಿ: ಅದಿಲ್ಲದೆ ವಂಶವಾಹಿಗೆ ಮಾಡಲು ಕೆಲಸವೇ ಇಲ್ಲ. ಎರಡನೆಯದು ತಂಬಾಕು: ಬೀಡಿ, ಸಿಗರೇಟು, ಎಲೆ ಅಡಿಕೆಯೊಡನೆ ಹೊಗೆಸೊಪ್ಪು. ಹೊಗೆ ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಕಾಣುವುದರಿಂದ ರೋಗ ಒಳಗೊಳಗೇ ಬೆಳೆದು ತಡವಾಗಿ ತಿಳಿಯುತ್ತದೆ. ಮೂರನೆಯದು ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ತರಲು ಅಡ್ಡಿಯಾಗುತ್ತದೆ. ಒಂದು ಮನೆತನದಲ್ಲಿ ಹಲ್ಲು ಬೇಗ ಬೀಳುತ್ತಿದ್ದರೆ, ತಲೆಮಾರಿನಿಂದ ತಲೆಮಾರಿಗೆ ಬಂದದ್ದು ವಂಶವಾಹಿಯೋ, ಹೊಗೆಸೊಪ್ಪಿನ ಸಂಚಿಯೋ, ಮೊದಲು ನೋಡಿ.

ತಂದೆತಾಯಿಗಳು ತಿಳಿದಿರಬೇಕಾದ ಕಾನೂನೂ ಇದೆ. 2003ರ ತಂಬಾಕು ಕಾಯಿದೆಯ ಪ್ರಕಾರ 18 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲೆಯಿಂದ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ ಮಗುವಿಗೆ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ‘ಅಂಗಡಿಗೆ ಹೋಗಿ ಒಂದು ಕಟ್ಟು ಬೀಡಿ ತಾ’ ಎಂದು ಮಗನನ್ನು ಕಳಿಸುವ ರೂಢಿ ಇನ್ನೂ ಇರುವ ಮನೆಗಳು ಇದನ್ನು ಗಮನಿಸಲಿ.

ಮಾಡಬೇಕಾದುದು ಕಷ್ಟದ್ದಲ್ಲ. ದಿನಕ್ಕೆರಡು ಬಾರಿ, ರಾತ್ರಿ ಮಲಗುವ ಮುನ್ನ ತಪ್ಪದೆ, ಮೆತ್ತನೆಯ ಬ್ರಷ್ಷಿನಿಂದ ಹಲ್ಲು ವಸಡು ಸೇರುವ ಗೆರೆಯನ್ನು ಉಜ್ಜಬೇಕು. ರಕ್ತ ಬಂತೆಂದು ಉಜ್ಜುವುದನ್ನು ನಿಲ್ಲಿಸಬಾರದು. ಇದ್ದಿಲು, ಇಟ್ಟಿಗೆ ಪುಡಿ ಬೇಡ. ಗಟ್ಟಿಯಾದ ಕಿಟ್ಟ ಬ್ರಷ್ಷಿಗೆ ಬಗ್ಗುವುದಿಲ್ಲ, ಅದನ್ನು ವೈದ್ಯರೇ ತೆಗೆಯಬೇಕು. ಅದರಿಂದ ಹಲ್ಲು ಸಡಿಲವಾಗುತ್ತದೆಂಬ ಭಯ ನಿರಾಧಾರ. ತಂದೆಗೋ ತಾಯಿಗೋ ನಲವತ್ತರೊಳಗೆ ಹಲ್ಲು ಅಲುಗಾಡಿದ್ದರೆ ಮಕ್ಕಳನ್ನು ತೋರಿಸುವಾಗ ಆ ಮಾತನ್ನು ವೈದ್ಯರಿಗೆ ಹೇಳಿ. ಒಬ್ಬ ಮಗುವಿಗೆ ಎಳೆಯ ವಯಸ್ಸಿನಲ್ಲೇ ಹಲ್ಲು ಸಡಿಲವಾದರೆ ಅಣ್ಣ, ತಂಗಿಯರನ್ನೂ ತೋರಿಸಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರಕಾರಿ ಶಾಲೆಗಳಿಗೆ ಬರುವ ತಂಡ ಹಲ್ಲನ್ನೂ ನೋಡುತ್ತದೆ. ನಮ್ಮ ಕನ್ನಡ ಮಾಧ್ಯಮದ ಶಾಲೆಗಳೂ ಅದಕ್ಕೆ ಸಮಾನ ಹಕ್ಕುದಾರರು. ತಂಡ ಬಂದೇ ಇಲ್ಲವೆಂದಾದರೆ ಮುಖ್ಯೋಪಾಧ್ಯಾಯರ ಮೂಲಕ ಲಿಖಿತವಾಗಿ ಕೇಳಿ. ಬಂದಾಗ ಮಗುವಿಗೆ ಕನ್ನಡದಲ್ಲಿ ಹೇಳಲು ಬರುವ ನೋವನ್ನು ತಮಿಳಿನಲ್ಲಿ ವೈದ್ಯರಿಗೆ ತಿಳಿಸಬಲ್ಲ ಹಿರಿಯರೊಬ್ಬರು ಜೊತೆಗಿರಲಿ.

ಹೀಗೆ ನೋಡಿದರೆ ವಸಡಿನ ರೋಗ ಎರಡೂ ಬಗೆಯ ಸ್ವತ್ತು ಬೆರೆತ ಅವಿಭಕ್ತ ಕುಟುಂಬದ ಖಾತೆ. ಪಿತ್ರಾರ್ಜಿತದ ಭಾಗವನ್ನು ನಾವು ಆರಿಸಿಕೊಳ್ಳಲಿಲ್ಲ. ಅದಕ್ಕಾಗಿ ಯಾರನ್ನೂ ದೂಷಿಸುವಂತಿಲ್ಲ, ಯಾವ ಹೆಣ್ಣನ್ನೂ ತಿರಸ್ಕರಿಸುವಂತಿಲ್ಲ, ಯಾವ ಸಂಸ್ಥೆಯೂ ಅದನ್ನು ನೆಪ ಮಾಡುವಂತಿಲ್ಲ. ಸ್ವಯಾರ್ಜಿತದ ಭಾಗ ಮಾತ್ರ ದಿನವೂ ನಮ್ಮ ಕೈಯಲ್ಲಿದೆ. ಸಾಲವಿರುವ ಆಸ್ತಿ ಕೈಗೆ ಬಂದವನು ಉಳಿದವರಿಗಿಂತ ಹೆಚ್ಚು ಜಾಗರೂಕನಾಗಿ ಬಾಳುತ್ತಾನಲ್ಲವೇ? ‘ನಮ್ಮ ವಂಶವೇ ಹಾಗೆ’ ಎಂಬ ಮಾತು ಬ್ರಷ್ಷನ್ನು ಕೆಳಗಿಡಲು ಕಾರಣವಲ್ಲ, ಇನ್ನಷ್ಟು ನಿಷ್ಠೆಯಿಂದ ಕೈಗೆತ್ತಿಕೊಳ್ಳಲು ಕಾರಣ.